ಬೀಗ ಹಾಕಿದ ದರ

ಬೆಳಿಗ್ಗೆ ಹತ್ತಕ್ಕೆ ನಾನು ದರ ಕೂಗದಿದ್ದರೆ ನಮ್ಮ ವಕೀಲರ ಆಫೀಸಿನಿಂದ ಒಂದು ಬಿಲ್ಲೂ ಹೊರಡುವುದಿಲ್ಲ. ಒಂಬತ್ತೂವರೆಗೆ ಬ್ಯಾಂಕಿನವರು ಕಳಿಸುವ ಸಂದೇಶ ನೋಡಿಕೊಂಡು ಡಾಲರ್, ಪೌಂಡ್, ಯೂರೊ ಅಂತ ಐದು ಬಗೆಯ ಹೊರಗಿನ ಹಣ ಇವತ್ತು ನಮ್ಮ ಹಣದಲ್ಲಿ ಎಷ್ಟು ಎಂದು ಕಂಪ್ಯೂಟರಿಗೆ ಉಣಿಸಬೇಕು. ಉಣಿಸುವಾಗ ಗಟ್ಟಿಯಾಗಿ ಹೇಳುವುದು ನನ್ನ ಚಟ. ತರಕಾರಿ ಮಾರುವವಳ ಹಾಗೆ ಕೂಗುತ್ತೀಯ ಎಂದು ಟೈಪಿಸ್ಟ್ ನಗುತ್ತಾಳೆ. ನಗಲಿ, ಅವಳ ಗಂಟೇನು ಹೋಗಬೇಕು? ಆರು ವರ್ಷದ ಹಿಂದೆ ಒಂದು ದಿನ ಮನಸ್ಸಿನಲ್ಲೇ ಓದಿಕೊಂಡು ಹೊಡೆದಿದ್ದೆ. ಚುಕ್ಕಿ ಒಂದು ಅಂಕಿ ಆಚೆ ಬಿದ್ದು, ಒಬ್ಬ ಕಕ್ಷಿದಾರನಿಗೆ ಹತ್ತು ಪಟ್ಟು ಬಿಲ್ಲು ಹೋಗಿ, ಅವನು ಆಫೀಸಿಗೆ ಬಂದು ಕುರ್ಚಿ ಎತ್ತಿದ್ದ. ಅಲ್ಲಿಂದ ಮುಂದೆ ಬಾಯಿಬಿಟ್ಟು ಹೇಳದೆ ಒಂದು ಅಂಕಿಯನ್ನೂ ನಾನು ಮುಟ್ಟಿದವಳಲ್ಲ.

ಆಫೀಸಿನಲ್ಲಿ ನಾನು ಎಲ್ಲರಿಗೂ ಬಿಲ್ಲಕ್ಕ. ಇಪ್ಪತ್ತೆರಡು ವರ್ಷದಿಂದ ಬಿಲ್ಲು ಬರೆಯುತ್ತಿದ್ದೇನೆ, ಹೆಸರು ಅಂಟಿಕೊಂಡಿದೆ. ಕೋಪ ಮೂಗಿನ ಮೇಲೇ ಇರುತ್ತದೆ ಎನ್ನುತ್ತಾರೆ, ಅದೂ ನಿಜ.

ಆ ಹತ್ತು ಪಟ್ಟಿನ ಅವಾಂತರದ ನಂತರವೇ ದೊಡ್ಡ ವಕೀಲರು ದುಬಾರಿ ಸಾಫ್ಟ್‌ವೇರ್ ತರಿಸಿದ್ದು. ಯಾವ ಫೈಲು ಯಾರ ಕೈಯಲ್ಲಿದೆ, ಯಾರು ಎಷ್ಟು ಗಂಟೆ ದುಡಿದರು, ಕಕ್ಷಿದಾರರ ಮುಂಗಡದಲ್ಲಿ ಎಷ್ಟು ಉಳಿದಿದೆ, ಕೋರ್ಟಿಗೆ ಕಾಗದ ಕೊಡಲು ಕೊನೆಯ ದಿನ ಯಾವುದು, ಎಲ್ಲವೂ ಅದರ ಹೊಟ್ಟೆಯಲ್ಲಿದೆ. ಏನು ಮುಟ್ಟಿದರೂ ಯಾರು ಮುಟ್ಟಿದ್ದು, ಯಾವಾಗ, ಯಾಕೆ ಎಂದು ಬರೆದಿಟ್ಟುಕೊಳ್ಳುವುದರಿಂದ ನಾವು ಅದಕ್ಕೆ ಅತ್ತೆ ಎಂದು ಹೆಸರಿಟ್ಟೆವು. ಅತ್ತೆ ಒಪ್ಪಲಿಲ್ಲ, ಅತ್ತೆ ಮುನಿಸಿಕೊಂಡಿದ್ದಾಳೆ, ಅತ್ತೆಯನ್ನು ಆರಿಸಿ ಮತ್ತೆ ಹಚ್ಚಿ ನೋಡು, ಇದೇ ನಮ್ಮ ದಿನದ ಮಾತು. ದೊಡ್ಡ ವಕೀಲರ ಮಗಳನ್ನು ಮದುವೆಯಾಗಿ ಆಫೀಸಿಗೆ ಬಂದ ಸಣ್ಣ ವಕೀಲರನ್ನು ಬೆನ್ನ ಹಿಂದೆ ಅಳಿಯ ಎನ್ನುತ್ತೇವೆ. ಮನೆಯ ಅತ್ತೆಯನ್ನು ಎರಡೇ ವಾರದಲ್ಲಿ ಒಲಿಸಿಕೊಂಡ ಅಳಿಯನಿಗೆ ಆಫೀಸಿನ ಅತ್ತೆ ಮಾತ್ರ ಇವತ್ತಿಗೂ ಒಲಿದಿಲ್ಲ. ಯಾವ ಕೆಲಸಕ್ಕೆ ಎಷ್ಟು ದಿನ ಉಳಿದಿದೆ ಎಂದು ಪ್ರತಿ ಸೋಮವಾರ ಅತ್ತೆ ಕಳಿಸುವ ನೆನಪೋಲೆಗಳನ್ನು ನೋಡಿಕೊಂಡು ಅಳಿಯ ವಾರದ ಕೆಲಸ ಮಾಡುತ್ತಾರೆ. ಅದರಲ್ಲಿಲ್ಲದ ಕೆಲಸ ಅವರ ಪಾಲಿಗೆ ಲೋಕದಲ್ಲೇ ಇಲ್ಲ.

ಅತ್ತೆಗೆ ನಿಯಮ ಕಲಿಸಲು ಕಂಪನಿಯವನೊಬ್ಬ ಬಂದಿದ್ದಾಗ ನಾನು ಒಂದು ಕೇಳಿದೆ. ಒಂದು ಫೈಲಿನಲ್ಲಿರುವ ದರಕ್ಕೂ ಆ ದಿನದ ದರಕ್ಕೂ ಹತ್ತನೇ ಒಂದು ಪಾಲಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಫೈಲಿಗೆ ತಡೆ ಬೀಳಬೇಕು, ದೊಡ್ಡ ವಕೀಲರು ಒಪ್ಪಿದ ಮೇಲೆಯೇ ಅದು ಏಳಬೇಕು ಎಂದೆ. ಇನ್ನೊಂದು ಸಲ ಯಾರೂ ನನ್ನ ಮೇಲೆ ಕುರ್ಚಿ ಎತ್ತಬಾರದು ಎನ್ನುವುದಷ್ಟೇ ನನ್ನ ತಲೆಯಲ್ಲಿದ್ದದ್ದು. ದೊಡ್ಡ ವಕೀಲರೂ ಒಂದು ಕೇಳಿದರು. ತಡೆ ಬಿದ್ದ ಫೈಲುಗಳಿಂದ ನೆನಪೋಲೆ ಬರಬಾರದು. ದುಡ್ಡು ಕೊಡದವರ ಫೈಲುಗಳಿಗೂ ತಡೆಯನ್ನೇ ಹಾಕುವುದರಿಂದ, "ದುಡ್ಡು ಕೊಡದೋರ ಕೇಸೆಲ್ಲ ಸೇರಿಕೊಂಡು ನನ್ನ ತಲೆ ಯಾಕೆ ತಿನ್ಬೇಕು?" ಎಂದರು. ಕಂಪನಿಯವನು ಎರಡನ್ನೂ ಬರೆದುಕೊಂಡ. ಒಂದೇ ದಿನ, ಒಂದೇ ಮೇಜಿನ ಸುತ್ತ ಕೂತು ಆಡಿದ ಮಾತುಗಳಿವು. ಎರಡಕ್ಕೂ ನಾನು ತಲೆಯಾಡಿಸಿದ್ದೆ.

ಫಿಟ್ಟರಮ್ಮ ನಮ್ಮಲ್ಲಿಗೆ ಬಂದದ್ದು ಒಂದೂವರೆ ವರ್ಷದ ಹಿಂದೆ. ಅವಳ ಗಂಡ ಹೊರದೇಶದ ಕಂಪನಿಯೊಂದರ ಹಡಗಿನಲ್ಲಿ ಫಿಟ್ಟರ್ ಆಗಿದ್ದ. ಎಂಜಿನ್ ಕೋಣೆಯಲ್ಲಿ ಹಬೆಯ ಪೈಪು ಒಡೆದು ಸತ್ತ. ಹೆಣವನ್ನು ಪೆಟ್ಟಿಗೆಯಲ್ಲಿ ಮುಚ್ಚಿಯೇ ಕಳಿಸಿದ್ದರಂತೆ, ತೆರೆಯಬೇಡಿ ಎಂದು ಮೇಲೆ ಚೀಟಿ ಅಂಟಿಸಿ. ಅವಳು ತೆರೆಯಲಿಲ್ಲ. ಶರ್ಟಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಹೆಂಗಸು, ವಯಸ್ಸು ಮೂವತ್ತನಾಲ್ಕು, ಇಬ್ಬರು ಹೆಣ್ಣುಮಕ್ಕಳು. ಹಡಗಿನ ಕಂಪನಿಯ ಮೇಲೆ ಪರಿಹಾರದ ದಾವೆ ಹೂಡಬೇಕಿತ್ತು. ಸತ್ತ ದಿನದಿಂದ ಎರಡು ವರ್ಷದ ಒಳಗೆ ಹೂಡಬೇಕು, ಒಂದು ದಿನ ದಾಟಿದರೂ ಯಾವ ಕೋರ್ಟೂ ಮುಟ್ಟುವುದಿಲ್ಲ. ಗೆಲ್ಲುವ ಕೇಸು ಎಂದು ದೊಡ್ಡ ವಕೀಲರೇ ಹೇಳಿದ್ದರು. ಗೆದ್ದಿದ್ದರೆ ಹೆಣ್ಣುಮಕ್ಕಳಿಬ್ಬರ ಓದು, ಒಂದು ಸಣ್ಣ ಮನೆ, ಅವಳ ಮುಪ್ಪಿನ ಊಟ, ಅಷ್ಟೂ ಬರುತ್ತಿತ್ತು.

ಖರ್ಚಿಗೆ ಅವಳ ಹತ್ತಿರ ಇದ್ದದ್ದು ಗಂಡನ ಕೊನೆಯ ಏಳು ತಿಂಗಳ ಸಂಬಳ. ಅದನ್ನು ಹಡಗಿನವರು ಡಾಲರಿನಲ್ಲಿ ನಮ್ಮ ಆಫೀಸಿನ ಕಕ್ಷಿದಾರರ ಖಾತೆಗೆ ಕಳಿಸಿದ್ದರು. ಅವಳ ಬ್ಯಾಂಕ್ ಖಾತೆ ಗಂಡನ ಜೊತೆ ಜಂಟಿಯಾಗಿದ್ದು, ಅವನು ಸತ್ತ ಮೇಲೆ ಬ್ಯಾಂಕಿನವರು ಅದನ್ನು ಕಟ್ಟಿಹಾಕಿದ್ದರು. ಹಾಗಾಗಿ ಆ ಡಾಲರು ನಮ್ಮಲ್ಲೇ ಉಳಿಯಿತು. ತಿಂಗಳ ಕೊನೆಗೆ ಅಳಿಯ ದುಡಿದ ಗಂಟೆಗಳಿಗೆ ನಮ್ಮ ಹಣದಲ್ಲಿ ಬಿಲ್ಲು, ಆ ದಿನದ ದರದಲ್ಲಿ ಲೆಕ್ಕ ಹಾಕಿ ಅವಳ ಡಾಲರಿನಿಂದ ಕಳೆಯುವುದು. ಕಳೆಯುವ ಕೈ ನನ್ನದು.

ಪ್ರತಿ ತಿಂಗಳ ಒಂದನೇ ತಾರೀಕು ಕಾರ್ಖಾನೆಯಲ್ಲಿ ಸಂಬಳ ಕೊಟ್ಟು ಮಧ್ಯಾಹ್ನವೇ ಬಿಡುತ್ತಿದ್ದರು. ಅವಳು ನೇರ ನಮ್ಮಲ್ಲಿಗೆ ಬರುತ್ತಿದ್ದಳು. ವಕೀಲರನ್ನು ಕಾಣಬೇಕೆಂದು ಕೇಳುತ್ತಿರಲಿಲ್ಲ. ನನ್ನ ಎದುರಿನ ಕುರ್ಚಿಯ ತುದಿಯಲ್ಲಿ ಕೂತು, ರವಿಕೆಗೆ ಅಂಟಿದ ನೂಲಿನ ಚೂರುಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿ ಉಂಡೆ ಮಾಡಿಕೊಳ್ಳುತ್ತ, "ಅಕ್ಕ, ಎಷ್ಟಿದೆ?" ಎನ್ನುತ್ತಿದ್ದಳು. ನಾನು ಪರದೆ ನೋಡಿ ಹೇಳುತ್ತಿದ್ದೆ. ಕಳೆದದ್ದಕ್ಕೆ ರಸೀದಿ ಕೊಟ್ಟರೆ ಓದದೆ ಸಹಿ ಹಾಕುತ್ತಿದ್ದಳು. "ಓದಿ ನೋಡಮ್ಮ" ಎಂದು ಗದರಿದರೂ ಅಷ್ಟೇ. "ನೀವಿದ್ದೀರಲ್ಲ" ಎನ್ನುತ್ತಿದ್ದಳು. ಬೇರೆಯವರಾದರೆ ನನ್ನ ಮುಂದೆಯೇ ಮೂರು ಸಲ ಕೂಡಿಸಿ ನೋಡುವವರು, ನನಗೆ ಅದೇ ಅಭ್ಯಾಸ. ಇವಳ ಆ ಒಂದು ಮಾತಿಗೆ ನಾನು ಮೆತ್ತಗಾಗಿಬಿಟ್ಟಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ವರ್ಷ ಡಾಲರ್ ಇಳಿಯತೊಡಗಿತು. ಎಪ್ಪತ್ತನಾಲ್ಕಿದ್ದದ್ದು ಎಪ್ಪತ್ತಮೂರಾಯಿತು, ಎಪ್ಪತ್ತೆರಡಾಯಿತು. ಬಿಲ್ಲು ಅಷ್ಟೇ ಇದ್ದರೂ ಅವಳ ಡಾಲರು ತಿಂಗಳಿಂದ ತಿಂಗಳಿಗೆ ಹೆಚ್ಚು ಹೆಚ್ಚು ಕರಗುತ್ತಿತ್ತು. ಯಾಕೆ ಹೀಗೆ ಎಂದು ಕೇಳಿದಳು. ದರ ಇಳಿದಿದೆ, ಹಾಗಾಗಿ ಅಷ್ಟೇ ಬಿಲ್ಲಿಗೆ ಜಾಸ್ತಿ ಡಾಲರ್ ಬೇಕಾಗುತ್ತದೆ ಎಂದು ಬಿಡಿಸಿ ಹೇಳಿದೆ. ಅವಳು ನೂಲಿನ ಉಂಡೆಯನ್ನು ಬೆರಳಲ್ಲಿ ಒತ್ತಿದಳು.

"ಸತ್ತ ಮೇಲೂ ನಮ್ಮೋರ ಸಂಬಳ ಕಡಿಮೆ ಮಾಡ್ತಾನೇ ಇದ್ದಾರಲ್ಲ ಅಕ್ಕ," ಎಂದಳು.

ನಗುತ್ತಲೇ ಹೇಳಿದಳು.

ಅತ್ತೆಯಲ್ಲಿ ದರಕ್ಕೆ ಬೀಗ ಹಾಕುವ ಒಂದು ಚೌಕವಿದೆ. ದೊಡ್ಡ ದೊಡ್ಡ ಕಂಪನಿಗಳು ವಕೀಲರ ಜೊತೆ ಮೊದಲೇ ಮಾತಾಡಿಕೊಂಡು, ನಮ್ಮ ಫೈಲಿಗೆ ಇಷ್ಟೇ ದರ, ಹೊರಗೆ ಏರಲಿ ಇಳಿಯಲಿ ಎಂದು ಗೊತ್ತು ಮಾಡಿಕೊಳ್ಳುತ್ತವೆ. ಆ ಚೌಕದಲ್ಲಿ ಒಂದು ಗುರುತು ಹಾಕಿದರೆ ಸಾಕು, ದರ ಅಲ್ಲೇ ನಿಲ್ಲುತ್ತದೆ, ಇಳಿದರೆ ನಷ್ಟ ಆಫೀಸಿನದು. ಸಿಮೆಂಟ್ ಕಂಪನಿಗೆ ಇರುವ ಬೀಗ ಫಿಟ್ಟರ್ ಹೆಂಡತಿಗೆ ಯಾಕಿರಬಾರದು? ದೊಡ್ಡ ವಕೀಲರನ್ನು ಕೇಳಿದ್ದರೆ ಇಲ್ಲ ಎನ್ನುತ್ತಿದ್ದರು. ಹಾಗಾಗಿ ಕೇಳಲಿಲ್ಲ. ಅವಳು ಎದ್ದು ಹೋದ ಮೇಲೆ, ಆ ದಿನದ ಎಪ್ಪತ್ತೊಂದು ನಲವತ್ತಕ್ಕೆ ಬೀಗ ಹಾಕಿದೆ. ಯಾಕೆ ಎಂದು ಅತ್ತೆ ಕೇಳಿದಳು. "ಒಪ್ಪಂದದಂತೆ" ಎಂದು ಬರೆದೆ. ಅಷ್ಟು ವರ್ಷದ ಕೆಲಸದಲ್ಲಿ ನಾನು ಬರೆದ ಮೊದಲ ಸುಳ್ಳು ಅದು, ಬರೆದ ಮೇಲೆ ಒಂಥರಾ ಖುಷಿಯೇ ಆಗಿತ್ತು.

ಮುಂದಿನ ಐದು ತಿಂಗಳು ಡಾಲರ್ ಇಳಿಯುತ್ತಲೇ ಹೋಯಿತು, ಅವಳ ದರ ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ಒಂದು ಬೆಳಿಗ್ಗೆ ನಾನು ಅರವತ್ತನಾಲ್ಕು ಇಪ್ಪತ್ತು ಎಂದು ಕೂಗಿ ಗುಂಡಿ ಒತ್ತಿದ ತಕ್ಷಣ ಫಿಟ್ಟರಮ್ಮನ ಫೈಲಿನ ಮೇಲೆ ಹಳದಿ ಗೆರೆ ಬಿತ್ತು. ತಡೆ. ವ್ಯತ್ಯಾಸ ಹತ್ತನೇ ಒಂದು ಪಾಲು ದಾಟಿದೆ, ದೊಡ್ಡ ವಕೀಲರ ಒಪ್ಪಿಗೆಗೆ ಕಳಿಸಲೇ ಎಂದು ಅತ್ತೆ ಕೇಳಿದಳು.

ಕಳಿಸಿದರೆ ಅವರು ಬೀಗ ನೋಡುತ್ತಾರೆ. ಯಾರು ಹಾಕಿದ್ದು ಎಂದು ಕೇಳುತ್ತಾರೆ. ಕಳಿಸಲಿಲ್ಲ. ತಡೆ ಬಿದ್ದರೆ ಏನಾಗುತ್ತದೆ, ಬಿಲ್ಲು ಹೊರಡುವುದಿಲ್ಲ, ಅಷ್ಟೇ ತಾನೆ, ಅವಳ ದುಡ್ಡು ಉಳಿಯಿತು ಎಂದುಕೊಂಡೆ. ಒಳಗೊಳಗೇ ಹಿಗ್ಗಿದೆ ಕೂಡ. ತಡೆ ಬಿದ್ದ ಫೈಲಿನಿಂದ ನೆನಪೋಲೆ ಬರುವುದಿಲ್ಲ ಎನ್ನುವುದು ನನಗೆ ಗೊತ್ತಿರದ ಮಾತೇನಲ್ಲ. ನೆನಪಾಗಲಿಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ದುಡ್ಡು, ದಿನಾಂಕವಲ್ಲ.

ಆಮೇಲೆ ಅವಳು ಮೂರು ಸಲ ಬಂದಳು. "ಈ ತಿಂಗಳೂ ಕಡಿಮೆ ಆಗಿಲ್ವಾ?" ಎಂದು ಅಚ್ಚರಿಪಟ್ಟಳು. "ಎಲ್ಲ ಸರಿಯಾಗಿದೆ, ನೀನು ತಲೆ ಕೆಡಿಸ್ಕೋಬೇಡ" ಎಂದೆ. ಮೂರು ಸಲವೂ ಅದನ್ನೇ ಹೇಳಿದೆ.

ನಾಲ್ಕನೇ ಸಲ ಬಂದಾಗ ಅವಳ ಕೈಯಲ್ಲಿ ಒಂದು ಹೊಸ ಶರ್ಟಿತ್ತು. ಕಾಲರಿನಲ್ಲಿ ಸಣ್ಣ ಕುಂದು ಇದ್ದುದರಿಂದ ಕಾರ್ಖಾನೆಯವರು ಅರ್ಧ ಬೆಲೆಗೆ ಕೊಟ್ಟಿದ್ದರಂತೆ, ನನ್ನ ಮನೆಯವರಿಗೆ ಎಂದು ತಂದಿದ್ದಳು. ನಾನು ಬೇಡವೆಂದೆ, ಅವಳು ಮೇಜಿನ ಮೇಲಿಟ್ಟಳು. ಕೂತು ನೂಲು ತೆಗೆಯುತ್ತ, "ಹೋದ ತಿಂಗಳು ಹತ್ತೊಂಬತ್ತಕ್ಕೆ ಎರಡು ವರ್ಷ ತುಂಬ್ತು ಅಕ್ಕ, ಅವರು ಹೋಗಿ," ಎಂದಳು. "ದೊಡ್ಡ ಮಗಳು ಆವತ್ತು ಇಡೀ ದಿನ ಮಾತೇ ಆಡ್ಲಿಲ್ಲ."

"ಹ್ಞೂಂ, ಮಕ್ಕಳಿಗೆ ಕಷ್ಟ," ಎಂದೆ. ಎಂದ ಮೇಲೆ ಅದು ನನ್ನ ತಲೆಗೆ ಹೋಯಿತು. ಎರಡು ವರ್ಷ.

ಅವಳ ಫೈಲು ತೆರೆದೆ. ದಾವೆಯ ಸಂಖ್ಯೆ ಬರೆಯುವ ಜಾಗ ಖಾಲಿಯಿತ್ತು. ಒಂದು ನಿಮಿಷ ಬಂದೆ ಎಂದು ಎದ್ದು ಅಳಿಯನ ಕೋಣೆಗೆ ಹೋದೆ.

"ಸರ್, ಫಿಟ್ಟರಮ್ಮನ ದಾವೆ ಹೂಡಿದ್ದೀರಾ?"

"ಎಲ್ಲ ರೆಡಿ ಇದೆ ಅಕ್ಕ, ಸಹಿ ಆಗಿದೆ," ಎಂದು ಬೀರುವಿನ ಕಡೆ ಕೈ ತೋರಿಸಿದರು. "ಹಡಗಿನ ತಪಾಸಣೆ ವರದಿ ಬರೋಕೆ ಕಾಯ್ತಾ ಇದ್ವಲ್ಲ, ಅದೂ ಬಂತು. ಇನ್ನೂ ಟೈಮ್ ಇದೆ. ನೆನಪೋಲೆ ಬಂದ ತಕ್ಷಣ ಹಾಕೋದೇ."

"ಟೈಮ್ ಇಲ್ಲ ಸರ್. ಹತ್ತೊಂಬತ್ತಕ್ಕೇ ಮುಗೀತು."

ಅವರು ನನ್ನ ಮುಖ ನೋಡಿದರು, ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದರು. ಕ್ಯಾಲೆಂಡರಿನಲ್ಲಿ ಹೊಸ ತಿಂಗಳ ಹಾಳೆ ತಿರುವಿಯಾಗಿತ್ತು. "ನಂಗೆ ನೆನಪೋಲೆ ಬರ್ಲಿಲ್ಲ," ಎಂದರು. ಇನ್ನೊಂದು ಸಲವೂ ಅದನ್ನೇ ಹೇಳಿದರು. ನಾಲ್ಕು ತಿಂಗಳಿಂದ ಸಹಿಯಾದ ಕಾಗದ ಬೀರುವಿನಲ್ಲಿಟ್ಟುಕೊಂಡು ಕೂತ ಮನುಷ್ಯನ ಬಾಯಲ್ಲಿ ಆ ಮಾತು ಕೇಳಿ ನನಗೆ ಮೈ ಉರಿಯಿತು. ಬೈಯಬೇಕೆಂದು ಬಾಯಿ ತೆರೆದೆ. ತೆರೆದ ಬಾಯಲ್ಲಿ ಬಂದದ್ದು, "ಫೈಲಿಗೆ ತಡೆ ಬಿದ್ದಿತ್ತು ಸರ್, ನನ್ನಿಂದ," ಎಂಬ ಮಾತು.

ಹೊರಗೆ ಬಂದು ಅವಳಿಗೆ, "ವಕೀಲರು ನಿನ್ನ ಹತ್ರ ಮಾತಾಡ್ಬೇಕಂತೆ, ಬರೋ ಗುರುವಾರ ಬಾ," ಎಂದೆ. ಅವಳ ಮುಖ ಅರಳಿತು. ಕೋರ್ಟಿನಲ್ಲಿ ದಿನ ಗೊತ್ತಾಯಿತೇನೋ ಎಂದುಕೊಂಡಳು. ಶರ್ಟನ್ನು ಬಿಟ್ಟೇ ಹೋದಳು.

ದೊಡ್ಡ ವಕೀಲರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕನ್ನಡಕ ಒರೆಸುತ್ತ ಎಲ್ಲ ಕೇಳಿಸಿಕೊಂಡರು, ಅತ್ತೆಯ ಪಟ್ಟಿ ತೆರೆದು ಬೀಗ ಹಾಕಿದ ದಿನ, ಗಂಟೆ, ನನ್ನ ಗುರುತು, "ಒಪ್ಪಂದದಂತೆ" ಎಂಬ ನನ್ನ ಸುಳ್ಳು, ಎಲ್ಲ ಓದಿದರು. ಅಳಿಯ ಗೋಡೆಗೆ ಒರಗಿ ನಿಂತಿದ್ದರು.

"ಹಡಗು ಹೊರದೇಶದ್ದು, ಕಾನೂನು ಅಲ್ಲಿಯದು, ಕೇಸು ನಿಲ್ಲೋದಿಲ್ಲ ಅಂತ ತಿಳಿಸಿ ಹೇಳೋಣ," ಎಂದರು ಕೊನೆಗೆ. "ಉಳಿದ ಡಾಲರ್ ಎಷ್ಟಿದೆ?"

"ನಾಲ್ಕು ಸಾವಿರದ ಮುನ್ನೂರ ಹತ್ತು."

"ಅಷ್ಟೂ ವಾಪಸ್ ಕೊಡಿ. ನೀವು ಬೀಗ ಹಾಕಿದ ದರದಲ್ಲೇ ಕೊಡಿ, ಪಾಪ. ಇವತ್ತಿನ ದರಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ?"

ಮೂವತ್ತೈದು ಸಾವಿರ ಚಿಲ್ಲರೆ ಎಂದೆ.

"ಅಷ್ಟಕ್ಕೆ ಮಾತು ಮುಗಿಯೋದಾದ್ರೆ ಅಗ್ಗವೇ. ನಗದು ಕೊಟ್ಟು, ಸಹಿ ತಗೊಂಡು, ಫೈಲ್ ಮುಚ್ಚಿಬಿಡಿ."

ಇಂಥ ತಪ್ಪಿಗೆಂದೇ ಆಫೀಸು ಒಂದು ವಿಮೆ ಮಾಡಿಸಿದೆ. ವರ್ಷ ವರ್ಷ ಅದರ ಕಂತು ಕಟ್ಟುವವಳೂ ನಾನೇ. ವಕೀಲರ ಅಜಾಗರೂಕತೆಯಿಂದ ಕಕ್ಷಿದಾರರಿಗೆ ನಷ್ಟವಾದರೆ ಆ ಕಂಪನಿ ತುಂಬಿಕೊಡಬೇಕು. "ವಿಮೆಯವರಿಗೆ ತಿಳಿಸಿದ್ರೆ ಸರ್?" ಎಂದೆ.

ಅವರು ಕನ್ನಡಕ ಹಾಕಿಕೊಂಡರು. "ತಿಳಿಸಬಹುದಮ್ಮ. ತಿಳಿಸಿದ್ರೆ ಅವರು ಮೊದಲು ಕೇಳೋದು ಈ ಪಟ್ಟೀನೇ. ಇದರಲ್ಲಿ ಯಾರ ಹೆಸರಿದೆ ಅಂತ ನೀವೇ ನೋಡಿ. ಸುಳ್ಳು ಕಾರಣ ಬರೆದೋರನ್ನ ನಾನು ಇಟ್ಕೊಳ್ಳೋಕಾಗುತ್ತಾ? ಯಜಮಾನರು ಹೇಗಿದ್ದಾರೆ ಈಗ?"

ಯಜಮಾನರು ಹೇಗಿದ್ದಾರೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಬಣ್ಣದ ಕಾರ್ಖಾನೆಯಲ್ಲಿ ದುಡಿದು ಶ್ವಾಸಕೋಶ ಹಾಳು ಮಾಡಿಕೊಂಡ ನನ್ನ ಗಂಡ ಮೂಗಿಗೆ ನಳಿಕೆ ಹಾಕಿಕೊಂಡು ಕಿಟಕಿ ಪಕ್ಕ ಕೂತಿರುತ್ತಾರೆ. ಆ ಉಸಿರಿನ ಯಂತ್ರದ ಬಾಡಿಗೆ ಬರುವುದು ನೌಕರರಿಗೆಂದು ಆಫೀಸು ಮಾಡಿಸಿರುವ ಆರೋಗ್ಯ ವಿಮೆಯಿಂದ. ನಾನು ಕೆಲಸ ಬಿಟ್ಟ ತಿಂಗಳಿಗೇ ಅದೂ ನಿಲ್ಲುತ್ತದೆ.

ಸಂಜೆ ಮನೆಗೆ ಹೋಗಿ ಅವರಿಗೆ ಎಲ್ಲ ಹೇಳಿದೆ. ಶರ್ಟು ಕೊಟ್ಟೆ. ಅವರು ಅದರ ಕಾಲರನ್ನು ತಿರುವಿ ಕುಂದು ಎಲ್ಲಿದೆ ಎಂದು ಹುಡುಕಿದರು, ಸಿಗಲಿಲ್ಲ. ಎರಡು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತ, "ಅವಳು ನಿನಗೇನಾಗ್ಬೇಕು?" ಎಂದು ಕೇಳಿದರು.

"ಏನೂ ಆಗ್ಬೇಕಿಲ್ಲ."

"ಮತ್ತೆ ಸುಮ್ನಿದ್ದುಬಿಡು," ಎಂದರು. ಅದನ್ನು ಮಡಿಸಿ ನನ್ನ ಕೈಗಿಟ್ಟು, "ಈ ಶರ್ಟ್ ಮಾತ್ರ ನಾನು ಹಾಕೋದಿಲ್ಲ, ಎತ್ತಿಡು," ಎಂದರು. ನಾನು ಎತ್ತಿಟ್ಟೆ. ಸುಮ್ಮನಿರುವುದೆಂದು ಗಟ್ಟಿ ಮಾಡಿಕೊಂಡೆ. ಇದನ್ನು ಮುಚ್ಚಿಡುವುದಿಲ್ಲ: ಗುರುವಾರದವರೆಗೂ ನಾನು ಸುಮ್ಮನಿರುವವಳೇ ಆಗಿದ್ದೆ.

ಗುರುವಾರ ಅವಳು ಕಾರ್ಖಾನೆಗೆ ಅರ್ಧ ದಿನದ ರಜೆ ಹಾಕಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ಅಳಿಯನ ಗಾಜಿನ ಕೋಣೆಯಲ್ಲಿ ಕಾಲು ಗಂಟೆ ಕೂತಳು. ಒಳಗಿನ ಮಾತು ಹೊರಗೆ ಕೇಳುವುದಿಲ್ಲ, ಕೈ ಆಡುವುದು ಕಾಣುತ್ತದೆ. ಅಳಿಯನ ಕೈ ಬಹಳ ಆಡಿತು. ಅವಳ ಕೈ ಮಡಿಲಲ್ಲೇ ಇತ್ತು.

ಹೊರಗೆ ಬಂದು ನನ್ನ ಎದುರು ಕೂತಳು. ಈ ಸಲ ಕುರ್ಚಿಯ ತುಂಬ ಕೂತಳು, ನಿಲ್ಲಲಾರದವರ ಹಾಗೆ.

"ಆಗೋದಿಲ್ವಂತೆ ಅಕ್ಕ," ಎಂದಳು. "ಆ ದೇಶದ ಕಾನೂನೇ ಹಾಗಂತೆ. ಅಲ್ಲಾ, ಇಷ್ಟು ದಿನ ಓದಿದೋರಿಗೆ ಅದು ಈಗ ಗೊತ್ತಾಯ್ತಾ?"

ನಾನು ಬೀರುವಿನ ಬೀಗದ ಕೈ ಹುಡುಕಿದೆ.

"ಹೋಗ್ಲಿ. ಅವರ ಸಂಬಳ ಆದ್ರೂ ಉಳೀತಲ್ಲ. ಅದು ನಿಮ್ಮಿಂದ," ಎಂದಳು.

ಬೀರುವಿನಿಂದ ನೋಟಿನ ಕಟ್ಟುಗಳನ್ನು ತೆಗೆದು ಮೇಜಿನ ಮೇಲಿಟ್ಟೆ. ಮೂರು ಲಕ್ಷದ ಏಳು ಸಾವಿರದ ಏಳುನೂರ ಮೂವತ್ತನಾಲ್ಕು. ರಸೀದಿ ತೆಗೆಯಬೇಕೆಂದರೆ ಮೊದಲು ತಡೆ ಏಳಬೇಕು. ದೊಡ್ಡ ವಕೀಲರಿಗೆ ಫೋನ್ ಮಾಡಿ, ಒಪ್ಪಿಗೆಗೆ ಕಳಿಸಿದ್ದೇನೆ ಎಂದೆ. "ಒತ್ತಿದೆ ನೋಡಿ," ಎಂದರು. ಹತ್ತು ಸೆಕೆಂಡೂ ಹಿಡಿಯಲಿಲ್ಲ. ನಾಲ್ಕು ತಿಂಗಳ ಹಿಂದೆ ನಾನು ಕೇಳಿದ್ದರೆ, ಬೈದಾದರೂ ಸರಿ, ಅವರು ಒತ್ತುತ್ತಿದ್ದದ್ದು ಇದೇ ಗುಂಡಿಯನ್ನು.

ಹಳದಿ ಗೆರೆ ಹೋಯಿತು. ಹೋದ ಕೂಡಲೇ ಅತ್ತೆ ಇಷ್ಟು ದಿನ ನುಂಗಿಟ್ಟುಕೊಂಡಿದ್ದನ್ನೆಲ್ಲ ಕಕ್ಕಲು ಶುರು ಮಾಡಿದಳು. ಟಿಣ್ ಎಂದು ಒಂದು ನೆನಪೋಲೆ ಪರದೆಯ ಮೂಲೆಯಲ್ಲಿ ಎದ್ದಿತು. ದಾವೆ ಹೂಡಲು ಇನ್ನು ಅರವತ್ತು ದಿನ. ಅದರ ಮೇಲೆ ಇನ್ನೊಂದು, ಇನ್ನು ಮೂವತ್ತು ದಿನ. ಟಿಣ್, ಹದಿನೈದು ದಿನ. ಟಿಣ್, ಏಳು ದಿನ. ನಾನು ಒಂದನ್ನು ಮುಚ್ಚುವಷ್ಟರಲ್ಲಿ ಇನ್ನೊಂದು ಏಳುತ್ತಿತ್ತು. ಟಿಣ್, ನಾಳೆ ಕೊನೆಯ ದಿನ. ಟಿಣ್, ಇವತ್ತು ಕೊನೆಯ ದಿನ.

"ಏನಕ್ಕ ಅದು?" ಎಂದು ಅವಳು ಬಗ್ಗಿ ನೋಡಿದಳು. ನನ್ನ ಪರದೆ ಅವಳ ಕಡೆಗೇ ಅರ್ಧ ತಿರುಗಿತ್ತು, ತಿಂಗಳು ತಿಂಗಳು ಅವಳಿಗೆ ತೋರಿಸುತ್ತಿದ್ದೆನಲ್ಲ. ತನ್ನ ಗಂಡನ ಹೆಸರು ಓದಿದಳು. ಅದರ ಕೆಳಗಿನದನ್ನೂ ಓದಿದಳು.

"ನಾಳೆ ಕೊನೇ ದಿನ ಅಂತಿದೆ," ಎಂದಳು. "ಯಾವ ನಾಳೆ ಅಕ್ಕ ಇದು?"

ಹಳೇದು, ಏನೋ ತಪ್ಪಾಗಿ ಬಂದಿದೆ ಎಂದುಬಿಡಬಹುದಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವಳು ನಂಬುತ್ತಿದ್ದಳು, ಅದನ್ನೇ ನನಗೆ ತಾಳಲಾಗಲಿಲ್ಲ. ಎಲ್ಲ ಹೇಳಿದೆ. ಆ ದೇಶದ ಕಾನೂನಿನ ಕಥೆ ಸುಳ್ಳು, ದಿನ ಮೀರಿತು, ದಿನ ನೆನಪಿಸುವುದಕ್ಕೆ ತಡೆ ಬಿದ್ದಿತ್ತು, ತಡೆ ಬಿದ್ದದ್ದು ನಾನು ಹಾಕಿದ ಬೀಗದಿಂದ ಎಂದೆ. ಹೇಳುತ್ತಲೇ ಅತ್ತೆಯ ಪಟ್ಟಿಯನ್ನು ಅಚ್ಚಿಗೆ ಹಾಕಿದೆ. ನೆನಪೋಲೆಗಳೂ ಸೇರಿ ಮೂರು ಹಾಳೆ ಬಂತು. "ಇದನ್ನ ಬೇರೆ ವಕೀಲರಿಗೆ ತೋರಿಸು. ಇವರ ವಿಮೆಯವರು ಕೊಡ್ಬೇಕಾಗುತ್ತೆ. ಈ ಹಾಳೆ ಇಲ್ಲದೆ ಹೋದ್ರೆ ಯಾರೂ ಕೊಡಲ್ಲ. ಇವತ್ತೇ ಹೋಗು," ಎಂದೆ.

ಅವಳು ಹಾಳೆಗಳನ್ನು ತೆಗೆದುಕೊಂಡಳು. ಅಳುತ್ತಾಳೆ, ಬೈಯುತ್ತಾಳೆ, ಕೆನ್ನೆಗೆ ಬಾರಿಸಿದರೂ ಸರಿ ಎಂದು ಕಾದೆ.

"ತಡೆ ಬಿದ್ದಿದ್ದು ನಿಮ್ಗೆ ಆವತ್ತೇ ಗೊತ್ತಿತ್ತಾ?" ಎಂದು ಕೇಳಿದಳು.

"ಗೊತ್ತಿತ್ತು."

"ಆಮೇಲೆ ನಾನು ಮೂರು ಸಲ ಬಂದಿದ್ದೆ."

"ಬಂದಿದ್ದೆ."

"ಎಲ್ಲ ಸರಿಯಾಗಿದೆ ಅಂದ್ರಿ."

ಹೌದೆಂದು ತಲೆಯಾಡಿಸಿದೆ. ನಿನ್ನ ಒಳ್ಳೆಯದಕ್ಕೇ ಮಾಡಿದ್ದು ಎನ್ನುವ ಮಾತು ಗಂಟಲವರೆಗೆ ಬಂದಿತ್ತು. ಆಡಿದ್ದರೆ ನನ್ನಷ್ಟು ನಾಚಿಕೆಗೆಟ್ಟವಳು ಇರುತ್ತಿರಲಿಲ್ಲ.

ಅವಳು ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ಚೀಲದ ಒಳಜೇಬಿಗೆ ಹಾಕಿ ಜಿಪ್ ಎಳೆದಳು. ಆಮೇಲೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಮೊದಲನೇ ಕಟ್ಟಿನ ರಬ್ಬರು ಬಿಚ್ಚಿದಳು. ಎಣಿಸತೊಡಗಿದಳು. ಹೊಲಿಗೆಯ ಕೈ, ಚುರುಕಾಗಿ ಓಡಿಸಬಹುದಿತ್ತು. ಓಡಿಸಲಿಲ್ಲ. ಒಂದೊಂದೇ ನೋಟನ್ನು ಬೆಳಕಿಗೆ ಹಿಡಿದು, ಬಾಯಿಬಿಟ್ಟು ಹೇಳುತ್ತ ಎಣಿಸಿದಳು. ಕಟ್ಟು ಮುಗಿದ ಮೇಲೆ ಅದನ್ನೇ ಮೊದಲಿಂದ ಎಣಿಸಿದಳು. ಟೈಪಿಸ್ಟ್ ತಲೆ ಎತ್ತಿ ನೋಡಿ ತಗ್ಗಿಸಿದಳು. ದೊಡ್ಡ ವಕೀಲರ ಕೋಣೆಯ ಬಾಗಿಲು ತೆರೆದದ್ದು, ಅವರು ಅಲ್ಲೇ ನಿಂತು ನನ್ನ ಪ್ರಿಂಟರಿನ ಕಡೆ ನೋಡಿದ್ದು ನನಗೆ ಗೊತ್ತಾಯಿತು. ನಾನು ಆ ಕಡೆ ತಿರುಗಲಿಲ್ಲ.

ರಸೀದಿ ಕೊಟ್ಟೆ. ಸಹಿ ಹಾಕುವ ಮುಂಚೆ ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಗೊತ್ತಾಗದ ಒಂದು ಸಾಲನ್ನು ಏನಿದು ಎಂದು ಕೇಳಿದಳು, ಹೇಳಿದೆ. ನಾನು ಹೇಳಿದ್ದು ಸರಿಯೇ ಎಂದು ಮತ್ತೆ ಓದಿ ನೋಡಿಕೊಂಡಳು. ಆಮೇಲೆ ಸಹಿ ಹಾಕಿದಳು.

ಎದ್ದು ನಿಂತು ಕೊನೆಯ ಕಟ್ಟಿನಿಂದ ಒಂದು ನೋಟು ಎಳೆದು ನನ್ನ ಮುಂದೆ ಇಟ್ಟಳು.

"ಇದು ಮೂಲೇಲಿ ಹರಿದಿದೆ ಮೇಡಂ," ಎಂದಳು. "ಬೇರೆ ಕೊಡಿ."

ನಾನು ಬೇರೆ ಕೊಟ್ಟೆ.